ಚಳಿಗಾಲದ ಬೆಂಕಿಗೆ ಎರಡು ದಾರಿ: ಒಲೆ, ಹೊಗೆಗೂಡು, ಅಗ್ಗಿಷ್ಟಿಕೆಗಳ ಸಿದ್ಧತೆ

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ನಮ್ಮ ನೀಲಗಿರಿ ಸೀಮೆಯ ರೈತನಿಗೆ ಹೊಲದ ಕೆಲಸದೊಡನೆ ಮನೆಯ ಕೆಲಸವೊಂದು ಕಾದಿರುತ್ತದೆ. ಅದು ಚಳಿಗಾಲದ ಬೆಂಕಿಯ ಸಿದ್ಧತೆ. ಬಯಲುಸೀಮೆಯ ನೆಂಟರಿಗೆ ಇದು ವಿಚಿತ್ರವಾಗಿ ಕಾಣಬಹುದು. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು ೭,೩೫೦ ಅಡಿ ಎತ್ತರದಲ್ಲಿದೆ. ನವೆಂಬರ್ ನಡುವಿನಿಂದ ಮೋಡವಿಲ್ಲದ ಗಾಳಿಯಿಲ್ಲದ ರಾತ್ರಿಗಳಲ್ಲಿ ತಗ್ಗಿನ ಹುಲ್ಲಿನ ಮೇಲೆ ಹಿಮ ಕೂರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಆಲೂಗೆಡ್ಡೆಯ ಸೊಪ್ಪು ಬೆಂದಂತೆ ಕರಗಿರುತ್ತದೆ. ಅಂಥ ರಾತ್ರಿಯಲ್ಲಿ ಮನೆಯೊಳಗೆ ಬೆಂಕಿ ಬೇಡವೆನ್ನುವವರು ಯಾರು?

ಬೆಳೆಗೆ ಹಿಮ ಬೀಳದಂತೆ ಏನು ಮಾಡಬೇಕೆಂದು ಈ ಪುಟದಲ್ಲಿ ಓದಿರುತ್ತೀರಿ. ಮನೆಯವರು ಬೆಚ್ಚಗಿರಲು ಏನು ಮಾಡಬೇಕು, ಬೆಚ್ಚಗಿರಲು ಹೋಗಿ ಪ್ರಾಣಕ್ಕೆ ಎರವಾಗದಂತೆ ಏನು ಮಾಡಬೇಕು ಎಂಬುದನ್ನು ಈ ವಾರ ಹೇಳುತ್ತೇವೆ. ಎರಡನೆಯದನ್ನು ಹೇಳುವ ಅಧಿಕಾರ ನಮಗೆ ಬಂದದ್ದು ನಮ್ಮದೇ ತಪ್ಪಿನಿಂದ. ಆದುದರಿಂದ ಅದನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಒಂದು ರಾತ್ರಿಯ ಪಾಠ

೨೦೧೪ನೆಯ ಇಸವಿಯ ಡಿಸೆಂಬರ್ ತಿಂಗಳು. ನಮ್ಮ ತಂಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸಿಗೆ ಹನ್ನೆರಡು ದಿನ. ಹಳೆಯ ಹೆಂಚಿನ ಮನೆಯ ಪಕ್ಕದಲ್ಲಿ ಆ ವರ್ಷವೇ ತಾರಸಿ ಹಾಕಿಸಿದ ಹೊಸ ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಟ್ಟಿದ್ದೆವು. ಗಾಜಿನ ಕಿಟಕಿ, ಸಂದಿಲ್ಲದ ಬಾಗಿಲು, ತೊಳೆದಂತಹ ನೆಲ. ಆ ರಾತ್ರಿ ಚಳಿ ಹೆಚ್ಚಾಗಿ, ನಮ್ಮ ತಾಯಿಯವರು ಕೆಂಡದ ಅಗ್ಗಿಷ್ಟಿಕೆ ಇಡಬೇಕೆಂದರು. ಇದ್ದಿಲನ್ನು ಹೊರಗೆ ಚೆನ್ನಾಗಿ ಹೊತ್ತಿಸಿ, ಹೊಗೆಯೆಲ್ಲ ಅಡಗಿದ ಮೇಲೆ ನಾವೇ ಒಳಗೆ ತಂದಿಟ್ಟೆವು. ಹೊಗೆಯಿಲ್ಲವಲ್ಲ, ಇನ್ನೇನು ಭಯ ಎಂದುಕೊಂಡೆವು. ತಣ್ಣನೆಯ ಗಾಳಿ ಕೂಸಿಗೆ ತಾಗದಿರಲೆಂದು ಬಾಗಿಲ ಕೆಳಗೆ ಗೋಣಿಚೀಲವನ್ನೂ ತುರುಕಿದೆವು.

ನಸುಕಿನಲ್ಲಿ ಕೂಸು ಅತ್ತ ದನಿ ಕೇಳಿತು. ತಾಯಿಯವರು ಎದ್ದು ಹೋಗಿ ನೋಡಿದರೆ ತಂಗಿಗೆ ಎದ್ದು ಕೂರಲಾಗದು. ತಲೆ ಸಿಡಿಯುತ್ತಿದೆ, ವಾಕರಿಕೆ, ಕಾಲಲ್ಲಿ ಬಲವಿಲ್ಲ. ಕೂಸೂ ಒಂದು ಸಲ ಅತ್ತು ಸೋತು ಮಲಗಿತ್ತು. “ದೃಷ್ಟಿಯಾಗಿದೆ ಕಣೋ, ಉಪ್ಪು ಮೆಣಸಿನಕಾಯಿ ತಾ” ಎಂದರು ತಾಯಿಯವರು. ನಾವು ಉಪ್ಪು ತರಲು ಓಡಿದೆವು. ಪುಣ್ಯಕ್ಕೆ ಓಡುವಾಗ ಬಾಗಿಲನ್ನು ತೆರೆದೇ ಬಿಟ್ಟಿದ್ದೆವು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಮಾತೇ ಕೋಣೆಯಲ್ಲಿ ಕೆಂಡವಿತ್ತೆ ಎಂದು. ಇಬ್ಬರಿಗೂ ಆಮ್ಲಜನಕ ಕೊಟ್ಟರು. ಸಂಜೆಯ ವೇಳೆಗೆ ಇಬ್ಬರೂ ಚೇತರಿಸಿಕೊಂಡರು.

ಹಿಂತಿರುಗುವಾಗ ತಂಗಿ ಕೇಳಿದಳು: “ಅಣ್ಣಾ, ಇದ್ದಿಲು ಉರಿದರೆ ಏನಾಗುತ್ತದೆ ಅಂತ ನೀನೇ ಅಲ್ಲವೇನೋ ಶಾಲೆಯಲ್ಲಿ ಪಾಠ ಹೇಳುವುದು?” ನಮ್ಮಲ್ಲಿ ಉತ್ತರವಿರಲಿಲ್ಲ. ದಹನಕ್ರಿಯೆಯ ಪಾಠವನ್ನು ಅಷ್ಟು ವರ್ಷ ಹಲಗೆಯ ಮೇಲೆ ಬರೆದಿದ್ದೆವು. ಅಂದು ಅದು ನಮಗೆ ಅರ್ಥವಾಯಿತು.

ಬೆಂಕಿಗೆ ಬೇಕಾದ ಎರಡು ದಾರಿ

ಇದ್ದಿಲೆಂದರೆ ಬಹುಮಟ್ಟಿಗೆ ಇಂಗಾಲ. ಬೇಕಾದಷ್ಟು ಗಾಳಿ ದೊರೆತರೆ ಇಂಗಾಲವು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಹೋದರೆ ಅರ್ಧ ಉರಿದು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಕೆಂಪು ದ್ರವ್ಯವಾದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತೊಯ್ಯುವ ಗಾಡಿಯಿದ್ದಂತೆ. ಈ ಅನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಆ ಗಾಡಿಯನ್ನು ಹಿಡಿದುಕೊಂಡು ಕೂರುತ್ತದೆ. ಮೈಯಲ್ಲಿ ರಕ್ತವಿದ್ದೂ ಉಸಿರಾಡುತ್ತಿದ್ದೂ ಮಿದುಳು ಹೃದಯಗಳಿಗೆ ಆಮ್ಲಜನಕ ಸಿಗುವುದಿಲ್ಲ. ಎಚ್ಚರವಿದ್ದವನಿಗೆ ತಲೆನೋವು, ತಲೆಸುತ್ತು ಬಂದು ಎದ್ದು ಹೋಗಬಹುದು. ನಿದ್ದೆಯಲ್ಲಿದ್ದವನಿಗೆ ಆ ಸೂಚನೆಯೂ ತಿಳಿಯದು. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿರುವ ಕೂಸಿಗೆ, ಎಳೆಮಕ್ಕಳಿಗೆ, ಹೃದಯದ ಕಾಯಿಲೆಯವರಿಗೆ ಅಪಾಯ ಇನ್ನೂ ಹೆಚ್ಚು.

ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಈ ಅನಿಲವನ್ನು ಪತ್ತೆ ಹಚ್ಚಲು ಪುಟ್ಟ ಕ್ಯಾನರಿ ಹಕ್ಕಿಗಳನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಮನುಷ್ಯನಿಗಿಂತ ಮೊದಲು ಹಕ್ಕಿ ಸೋಲುತ್ತಿತ್ತು. ೧೯೮೬ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಯಂತ್ರಗಳನ್ನು ತಂದರು. ಮೂಗಿನಿಂದ ತಿಳಿಯಲಾಗದ್ದಕ್ಕೇ ಹಕ್ಕಿ ಬೇಕಾಯಿತೆಂಬುದನ್ನು ನೆನಪಿಡೋಣ.

“ನಮ್ಮ ಅಜ್ಜಿಯ ಕಾಲದಿಂದಲೂ ಕೆಂಡ ಇಟ್ಟಿದ್ದೇವೆ, ಯಾರಿಗೂ ಏನೂ ಆಗಲಿಲ್ಲ” ಎಂದು ಹಿರಿಯರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅಜ್ಜಿಯ ಮನೆ ಯಾವುದು? ನಾಡಹೆಂಚಿನ ಸಂದುಗಳಲ್ಲಿ ಬೆಳಕು ಕಾಣುತ್ತಿತ್ತು, ಸೂರಿನ ಕೆಳಗೆ ಗೋಡೆಗೂ ಜಂತೆಗೂ ನಡುವೆ ಕೈ ತೂರುವಷ್ಟು ಜಾಗವಿತ್ತು, ಹಲಗೆಯ ಬಾಗಿಲು ಬಿರುಕುಬಿಟ್ಟಿತ್ತು. ಕೆಟ್ಟ ಗಾಳಿ ಮೇಲಿನಿಂದ ಹೋಗುತ್ತಿತ್ತು, ಹೊಸ ಗಾಳಿ ಕೆಳಗಿನಿಂದ ಬರುತ್ತಿತ್ತು. ಅಲ್ಲಿಯೂ ಅಪಾಯ ಇರಲೇ ಇಲ್ಲವೆನ್ನುವಂತಿಲ್ಲ, ಕಡಿಮೆಯಿತ್ತು. ಈಗ ಹೆಂಚು ಹೋಗಿ ತಾರಸಿ ಬಂದಿದೆ, ಕಿಟಕಿಗೆ ಗಾಜು ಬಂದಿದೆ. ಮನೆ ಬದಲಾಯಿತು, ಅಗ್ಗಿಷ್ಟಿಕೆ ಮಾತ್ರ ಅದೇ ಉಳಿಯಿತು. ಅನಾಹುತದ ಮೂಲ ಇಲ್ಲಿದೆ.

ಬೆಂಕಿಗೆ ಗಾಳಿ ಬರುವ ದಾರಿ ಒಂದು, ಹೊಗೆ ಹೋಗುವ ದಾರಿ ಒಂದು, ಹೀಗೆ ಎರಡು ದಾರಿ ಬೇಕು. ಚಳಿಗಾಲದ ಸಿದ್ಧತೆಯೆಲ್ಲವೂ ಈ ಎರಡು ದಾರಿಗಳನ್ನು ಸರಿಮಾಡುವುದೇ ಆಗಿದೆ. ಒಂದೊಂದಾಗಿ ನೋಡೋಣ.

೧. ಸೌದೆ

ಹಸಿಸೌದೆಯೇ ಕೆಟ್ಟ ಬೆಂಕಿಗೆ ಮೊದಲ ಕಾರಣ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ಅಂಥ ಸೌದೆಯನ್ನು ಒಲೆಗೆ ಇಟ್ಟರೆ ಅರ್ಧ ಕಿಲೋ ನೀರನ್ನು ಆವಿ ಮಾಡಲು ಸುಮಾರು ೩೦೦ ಕಿಲೋ ಕ್ಯಾಲೊರಿ ಕಾವು ವ್ಯರ್ಥ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಉರಿಯ ಕಾವು ತಗ್ಗಿ, ಸೌದೆ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುವುದು.

ನಮ್ಮಲ್ಲಿ ಈಶಾನ್ಯ ಮಳೆ ಅಕ್ಟೋಬರಿನಲ್ಲಿ ಹಿಡಿದರೆ ಡಿಸೆಂಬರ್‌ವರೆಗೂ ಬಿಟ್ಟುಬಿಟ್ಟು ಸುರಿಯುತ್ತದೆ. ಆದುದರಿಂದ ಈ ಚಳಿಗಾಲದ ಸೌದೆ ನವರಾತ್ರಿಯ ಒಳಗೆ ಕೊಟ್ಟಿಗೆ ಸೇರಬೇಕು. ಬರುವ ವರ್ಷದ ಸೌದೆಯನ್ನು ಫೆಬ್ರುವರಿ, ಮಾರ್ಚ್ ತಿಂಗಳುಗಳ ಬಿಸಿಲಲ್ಲಿ ಸೀಳಿಡಬೇಕು. ಮರ ಚೆನ್ನಾಗಿ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಒಣಗಿದೆಯೆ ಎಂದು ತಿಳಿಯುವುದು ಹೇಗೆ? ತುದಿಗಳಲ್ಲಿ ಬಿರುಕು ಮೂಡಿರಬೇಕು, ತೊಗಟೆ ಸಡಿಲವಾಗಿರಬೇಕು, ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಪ್ ಎಂದರೆ ಇನ್ನೂ ಹಸಿ. ಕಲ್ಲುಗಳ ಮೇಲೆ ಎರಡು ಗಳು ಇಟ್ಟು, ನೆಲ ತಾಗದಂತೆ, ನಡುನಡುವೆ ಗಾಳಿಯಾಡುವಂತೆ ಒಟ್ಟಬೇಕು. ಮೇಲೆ ತಗಡು ಹೊದಿಸಿದರೆ ಸಾಕು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಮನೆಯ ಗೋಡೆಗೆ ತಾಗಿಸಿ ಒಟ್ಟಿದರೆ ಗೆದ್ದಲು ಮನೆಗೂ ಹತ್ತೀತು.

ನಮ್ಮ ಸೀಮೆಗೆ ೧೮೪೦ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಬಂದ ನೀಲಗಿರಿ ಮರ, ವ್ಯಾಟಲ್ ಮರ, ಚಹಾ ಗಿಡ ಸವರಿದ ಕಡ್ಡಿ, ಇವೆಲ್ಲ ಒಣಗಿದರೆ ಒಳ್ಳೆಯ ಸೌದೆಯೇ. ಒಂದು ಎಚ್ಚರಿಕೆ: ೧೯೫೫ರ ತಮಿಳುನಾಡು ಗುಡ್ಡಗಾಡು ಪ್ರದೇಶಗಳ ಮರಗಳ ಸಂರಕ್ಷಣಾ ಕಾನೂನಿನ ಪ್ರಕಾರ ಸ್ವಂತ ಜಮೀನಿನ ಮರವಾದರೂ ಅನುಮತಿ ಪಡೆದೇ ಕಡಿಯಬೇಕು. ಬಣ್ಣ ಹಚ್ಚಿದ ಹಲಗೆ, ಪ್ಲಾಸ್ಟಿಕ್, ಹಳೆಯ ಟೈರು ಇವುಗಳನ್ನು ಒಲೆಗೆ ಹಾಕಲೇಬಾರದು.

೨. ಹೊಗೆಗೂಡು

ಅಡಿಗೆಮನೆಯಲ್ಲಾಗಲಿ ನಡುಮನೆಯಲ್ಲಾಗಲಿ ಹೊಗೆಗೂಡು ಇರುವವರು ಮಳೆ ಹಿಡಿಯುವ ಮೊದಲೇ ಒಂದು ದಿನ ಅದಕ್ಕೆ ಮೀಸಲಿಡಬೇಕು. ಬೆಂಕಿಯಿಲ್ಲದ ದಿನ ಮಧ್ಯಾಹ್ನ ಒಲೆಯ ಬಳಿ ಕೈಗನ್ನಡಿಯನ್ನು ಹಿಡಿದು ಮೇಲಕ್ಕೆ ನೋಡಿ. ಗೂಡು ನೆಟ್ಟಗಿದ್ದರೆ ಕನ್ನಡಿಯಲ್ಲಿ ಆಕಾಶದ ತುಂಡು ಕಾಣಬೇಕು. ಕಾಣದಿದ್ದರೆ ಹಕ್ಕಿಯ ಗೂಡೋ ಜೇನೋ ಉದುರಿದ ಇಟ್ಟಿಗೆಯೋ ಅಡ್ಡವಾಗಿದೆ. ಗೂಡು ಸೊಟ್ಟಗಿದ್ದರೆ ಕನ್ನಡಿ ಸಾಲದು, ಹಗ್ಗವನ್ನೇ ಇಳಿಬಿಟ್ಟು ನೋಡಬೇಕು.

ಹಸಿಸೌದೆ ಉರಿಸಿದ ಮನೆಗಳಲ್ಲಿ ಗೂಡಿನ ಒಳಮೈಗೆ ಡಾಂಬರಿನಂಥ ಅಂಟುಮಸಿ ಹತ್ತಿರುತ್ತದೆ. ದಾರಿಯನ್ನು ಕಿರಿದುಮಾಡುವುದಲ್ಲದೆ, ಒಂದು ದಿನ ಅದೇ ಹೊತ್ತಿಕೊಂಡು ಜಂತೆಗೆ ಬೆಂಕಿ ತಾಗಬಹುದು. ಹಗ್ಗದ ನಡುವೆ ಗಟ್ಟಿ ಕಡ್ಡಿಗಳ ಹಿಡಿಯನ್ನು ಬಿಗಿದು, ಒಂದು ತುದಿಗೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಡಬೇಕು. ಮೇಲೊಬ್ಬರು ಕೆಳಗೊಬ್ಬರು ಹಿಡಿದು ಎಳೆದಾಡಿದರೆ ಮಸಿ ಉದುರುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒದ್ದೆ ಹೆಂಚಿನ ಮೇಲೆ ಹತ್ತಕೂಡದು.

ಗೂಡಿನ ತಲೆ ಮಾಡನ್ನು ಹೊರಟ ಜಾಗದಿಂದ ಕನಿಷ್ಠ ಮೂರು ಅಡಿ ಎತ್ತರವಿರಬೇಕು. ಅದರಿಂದ ಹತ್ತು ಅಡಿಯೊಳಗಿರುವ ಮಾಡಿನ ಯಾವ ಭಾಗಕ್ಕಿಂತಲೂ ಎರಡು ಅಡಿ ಮೇಲಿರಬೇಕು. ಇಲ್ಲವಾದರೆ ಮಾಡಿನ ಮೇಲೆ ಹಾಯುವ ಗಾಳಿ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ. ತಗಡಿನ ಕೊಳವೆ ಮಾಡನ್ನು ದಾಟುವ ಜಾಗದಲ್ಲಿ ತುಕ್ಕು ಹಿಡಿದಿದೆಯೆ, ಮರದ ಜಂತೆಗೆ ತಾಗಿದೆಯೆ ನೋಡಿ. ಇಟ್ಟಿಗೆಯ ಬಿರುಕುಗಳನ್ನು ಮುಚ್ಚಿ. ಕೊನೆಗೆ ಒಂದು ಹಿಡಿ ಒಣಹುಲ್ಲು ಹೊತ್ತಿಸಿ ನೋಡಿದರೆ ಹೊಗೆ ತಡವರಿಸದೆ ಮೇಲೇರಬೇಕು. ಹಾಗೆ ಏರದ ಗೂಡಿನ ಕೆಳಗೆ ಬೆಂಕಿ ಮಾಡಬಾರದು.

೩. ಹಂಡೆಯ ಒಲೆ

ಇಪ್ಪತ್ತು ಲೀಟರ್ ತಣ್ಣೀರನ್ನು ೧೫ ಡಿಗ್ರಿಯಿಂದ ೪೫ ಡಿಗ್ರಿಗೆ ಕಾಯಿಸಲು ೬೦೦ ಕಿಲೋ ಕ್ಯಾಲೊರಿ ಬೇಕು. ಒಂದು ಕಿಲೋ ಒಣಸೌದೆಯಲ್ಲಿ ಸುಮಾರು ೩,೫೦೦ ಇದೆ. ಲೆಕ್ಕದಂತೆ ೨೦೦ ಗ್ರಾಂ ಸೌದೆಯೂ ಬೇಡ. ಆದರೆ ನಮ್ಮ ಹಳೆಯ ಬಚ್ಚಲೊಲೆಗಳಲ್ಲಿ ಕಾವಿನ ಬಹುಪಾಲು ಹಂಡೆಯ ಸುತ್ತಲಿಂದ ಹಾರಿಹೋಗುವುದರಿಂದ ಒಂದು ಕಿಲೋಗೂ ಮೀರಿ ಹಿಡಿಯುತ್ತದೆ. ಹಂಡೆಯ ತಳದ ಮಸಿಯನ್ನು ಕೆರೆದು ತೆಗೆಯುವುದು, ಒಲೆಯ ಬಿರುಕುಗಳಿಗೆ ಮಣ್ಣು ಮೆತ್ತುವುದು, ಕೆಳಗೆ ಕಂಬಿಯ ಜಾಲರಿಯಿಟ್ಟು ಗಾಳಿ ಅಡಿಯಿಂದ ಬರುವಂತೆ ಮಾಡುವುದು, ಹಂಡೆಗೂ ಒಲೆಯ ಗೋಡೆಗೂ ನಡುವೆ ಉರಿ ಸವರಿಕೊಂಡು ಹೋಗುವಷ್ಟೇ ಸಣ್ಣ ಸಂದು ಬಿಡುವುದು, ಇಷ್ಟನ್ನು ಮಾಡಿದರೆ ಸೌದೆಯ ಹೊರೆ ಕಾಣುವಂತೆ ಇಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಗ್ರಾಮಗಳ ಉಪಯೋಗಕ್ಕೆಂದು ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಇದೇ ತತ್ತ್ವದ್ದು: ಮುಚ್ಚಿದ ಉರಿಗೂಡು, ಅಡಿಯಿಂದ ಗಾಳಿ, ಹೊರಕ್ಕೆ ಹೊಗೆಕೊಳವೆ. ಹೊಸ ಒಲೆ ಕಟ್ಟಿಸುವವರು ಆ ಮಾದರಿಯನ್ನು ನೋಡಿ ಕಟ್ಟಿಸಬಹುದು.

ಸೌದೆ ಬಿಟ್ಟು ಗ್ಯಾಸಿನ ಗೀಸರ್ ಹಾಕಿಸಿದವರಿಗೂ ಒಂದು ಮಾತು. ಅದೂ ಬೆಂಕಿಯೇ. ಕಿರಿದಾದ ಬಚ್ಚಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ ಅದನ್ನು ಉರಿಸಿದರೆ ಕೆಂಡದ ಅಪಾಯವೇ ಅಲ್ಲಿಯೂ ಉಂಟು. ಯಂತ್ರವನ್ನು ಬಚ್ಚಲಿನ ಹೊರಗೆ ಗಾಳಿಯಾಡುವ ಜಾಗದಲ್ಲಿ ಹಾಕಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರುವುದು ಕ್ಷೇಮ.

೪. ಅಗ್ಗಿಷ್ಟಿಕೆ

ಹೊಗೆಗೂಡಿಲ್ಲದ ಮನೆಯಲ್ಲಿ ಅಗ್ಗಿಷ್ಟಿಕೆಯನ್ನು ಏನು ಮಾಡಬೇಕು? ನಮ್ಮ ಮನೆಯಲ್ಲಿ ಅಂದಿನಿಂದ ನಡೆದುಬಂದ ನಿಯಮ ಹೀಗಿದೆ. ಅಗ್ಗಿಷ್ಟಿಕೆಯ ಜಾಗ ತೆರೆದ ಜಗಲಿ. ಎಲ್ಲರೂ ಅಲ್ಲಿಯೇ ಕುಳಿತು ಕೈಕಾಲು ಕಾಯಿಸಿಕೊಳ್ಳಬೇಕು. ಮಲಗುವ ಕೋಣೆಯೊಳಗೆ ಅದು ಯಾವ ಹೊತ್ತಿನಲ್ಲಿಯೂ ಬರಕೂಡದು.

ಕೆಂಡಕ್ಕೆ ಬೂದಿ ಮುಚ್ಚಿದರೆ ನಿರಪಾಯವೆಂಬುದು ತಪ್ಪು. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಕಡಿಮೆಯಾಗಿ ಮಾನಾಕ್ಸೈಡ್ ಹುಟ್ಟಲು ಅನುಕೂಲವೇ ಆಗುತ್ತದೆ. ಕೋಣೆಯಲ್ಲಿ ಒಂದು ಬೋಗುಣಿ ನೀರಿಟ್ಟರೆ ಕೆಟ್ಟ ಗಾಳಿಯನ್ನು ನೀರು ಹೀರುತ್ತದೆಂಬುದೂ ತಪ್ಪು. ಈ ಅನಿಲ ನೀರಿನಲ್ಲಿ ಕರಗುವುದು ಅತ್ಯಲ್ಪ. ಇದು ಗಾಳಿಗಿಂತ ತುಸು ಹಗುರವಾದರೂ ಗಾಳಿಯಲ್ಲಿ ಬೆರೆತು ಕೋಣೆಯನ್ನೆಲ್ಲ ತುಂಬುವುದರಿಂದ, ನೆಲದ ಮೇಲೆ ಮಲಗಿದವರಿಗೂ ಮಂಚದ ಮೇಲೆ ಮಲಗಿದವರಿಗೂ ಭೇದವಿಲ್ಲ.

ಹಾಗಾದರೆ ಬಾಣಂತಿ, ಕೂಸು, ಮುದುಕರು ನಡುಗುತ್ತ ಮಲಗಬೇಕೆ? ಬೇಡ. ಬೆಂಕಿಯಿಲ್ಲದ ಕೋಣೆಯ ಬಾಗಿಲ ಸಂದನ್ನು ಧಾರಾಳವಾಗಿ ಗೋಣಿಯಿಂದ ಮುಚ್ಚಬಹುದು. ತಣ್ಣಗಿನ ನೆಲದ ಮೇಲೆ ಒಣಹುಲ್ಲಿನ ಹಾಸು ಹಾಕಿ ಮೇಲೆ ಕಂಬಳಿ ಹಾಸಬೇಕು. ಮೈಯ ಕಾವು ಹೆಚ್ಚಾಗಿ ಸೋರುವುದು ಕೆಳಗಿನಿಂದ. ರಬ್ಬರಿನ ಬಿಸಿನೀರ ಚೀಲಕ್ಕೆ ಬಟ್ಟೆ ಸುತ್ತಿ, ಮಲಗುವ ಮೊದಲು ಹಾಸಿಗೆಯಲ್ಲಿಟ್ಟು ಬೆಚ್ಚಗೆ ಮಾಡಬಹುದು. ಕೂಸನ್ನು ಮಲಗಿಸುವಾಗ ಅದನ್ನು ತೆಗೆದುಬಿಡಬೇಕು. ಎಳೆಯ ಚರ್ಮ ಬೇಗ ಸುಡುತ್ತದೆ. ಕೂಸಿಗೆ ತಾಯಿಯ ಮೈಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ.

ಅನುಕೂಲವಿದ್ದವರು ವಿದ್ಯುತ್ತಿನ ಹೀಟರ್ ಇಡಬಹುದು. ಅದರಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಈ ಅನಿಲ ಹುಟ್ಟುವುದಿಲ್ಲ. ಆದರೆ ಅದಕ್ಕೆ ೧೬ ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ವೈರು ಬಿಸಿಯಾಗುತ್ತದೆಯೆ ಎಂದು ಮುಟ್ಟಿ ನೋಡಬೇಕು. ಹಾಸಿಗೆಯಿಂದ ಮೂರು ಅಡಿ ದೂರವಿರಬೇಕು, ಒದ್ದೆ ಬಟ್ಟೆಯನ್ನು ಅದರ ಮೇಲೆ ಒಣಹಾಕಬಾರದು. ಮಾನಾಕ್ಸೈಡ್ ಕಂಡರೆ ಕೂಗುವ ಬ್ಯಾಟರಿಯ ಉಪಕರಣಗಳೂ ಈಗ ದೊರೆಯುತ್ತವೆ. ಹೊಗೆಗೂಡಿನ ಮನೆಯಲ್ಲಿಯೂ ಅಂಥದೊಂದು ಇದ್ದರೆ ಕ್ಷೇಮ. ಇದೇ ನಮ್ಮ ಕಾಲದ ಕ್ಯಾನರಿ ಹಕ್ಕಿ.

ಹೊರಗಿನಿಂದ ಬಂದವರಿಗೆ ಈ ಮಾತನ್ನು ತಿಳಿಸುವುದು ನಮ್ಮ ಕರ್ತವ್ಯ. ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದವರು ಲೈನ್ ಮನೆಗಳಲ್ಲಿ ಬಾಗಿಲು ಬಿಗಿದು ಕೆಂಡ ಇಟ್ಟುಕೊಳ್ಳುತ್ತಾರೆ. ಮಲೆಸೀಮೆ ನೋಡಲು ಬಂದವರು ಮಾಂಸ ಸುಟ್ಟ ಇದ್ದಿಲೊಲೆಯನ್ನೇ ಡೇರೆಯೊಳಗೆ ಎಳೆದುಕೊಂಡು ಮಲಗುತ್ತಾರೆ. ಅವರಿಗೆ ಚಳಿಯೂ ಹೊಸದು, ಕೆಂಡವೂ ಹೊಸದು.

ಅನುಮಾನ ಬಂದರೆ

ಬೆಂಕಿಯಿದ್ದ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಊಟವನ್ನೋ ದೃಷ್ಟಿಯನ್ನೋ ದೂರುತ್ತ ಕೂರಬಾರದು. ಮೊದಲು ಬಾಗಿಲು ತೆರೆಯಿರಿ. ಎಲ್ಲರನ್ನೂ ಬಯಲಿಗೆ ತನ್ನಿ. ಬೆಂಕಿಯನ್ನು ಆರಿಸುವ ಕೆಲಸ ಆಮೇಲೆ. ೧೦೮ಕ್ಕೆ ಫೋನು ಮಾಡಿ. ವೈದ್ಯರಿಗೆ ಕೋಣೆಯಲ್ಲಿ ಕೆಂಡವಿತ್ತೆಂದು ನೀವಾಗಿಯೇ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವೇರಿದ ರಕ್ತದಲ್ಲಿಯೂ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಆದುದರಿಂದ ಅಂಕಿ ನೋಡಿ ಸಮಾಧಾನಪಟ್ಟು ಮನೆಗೆ ಹಿಂತಿರುಗಬಾರದು. ಬರಿಯ ಗಾಳಿಯಲ್ಲಿ ಈ ಅನಿಲ ರಕ್ತದಿಂದ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯ ಆಮ್ಲಜನಕದಿಂದ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ.

ಬೂದಿ

ಬೆಂಕಿಯ ಲೆಕ್ಕ ಮುಗಿಯುವುದು ಬೂದಿಯಲ್ಲಿ. ಬೂದಿಯೊಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರಬಲ್ಲುದು. ಅದನ್ನು ಗೋಣಿಚೀಲಕ್ಕೋ ಪ್ಲಾಸ್ಟಿಕ್ ಬಕೆಟ್ಟಿಗೋ ತುಂಬಿ ಸೌದೆಯ ಪಕ್ಕ ಇಡಬಾರದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಟ್ಟು ಪೂರ್ತಿ ಆರಿಸಿ. ಮರದ ಬೂದಿಯಲ್ಲಿ ಸುಣ್ಣದ ಅಂಶವೂ ಪೊಟ್ಯಾಷೂ ಇವೆ. ನಮ್ಮ ಹುಳಿಮಣ್ಣಿನ ತರಕಾರಿ ಪಾತಿಗಳಿಗೆ ಮಿತವಾಗಿ ಹಾಕಬಹುದು. ಚಹಾ ಗಿಡಕ್ಕೆ ಹುಳಿಮಣ್ಣೇ ಬೇಕಾದ್ದರಿಂದ ಅದರ ಬುಡದಲ್ಲಿ ಸುರಿಯಬಾರದು. ಆಲೂಗೆಡ್ಡೆಯ ಹೊಲಕ್ಕೆ ಹೆಚ್ಚು ಹಾಕಿದರೆ ಗೆಡ್ಡೆಗೆ ಕಜ್ಜಿರೋಗ ಬರಲು ಎಡೆಯಾಗುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳೊಡನೆ ಬೆರೆಸಿದರೆ ಗೊಬ್ಬರದ ಸಾರ ಗಾಳಿಗೆ ಹಾರಿಹೋಗುತ್ತದೆ.

ಅಂದು ಹನ್ನೆರಡು ದಿನದ ಕೂಸಾಗಿದ್ದವನು ಈಗ ದೊಡ್ಡ ಹುಡುಗ. ರಜೆಯಲ್ಲಿ ಬಂದಾಗ ನಮ್ಮೊಡನೆ ಹಗ್ಗ ಹಿಡಿದು ಹೊಗೆಗೂಡಿನ ಮಸಿ ಉದುರಿಸುತ್ತಾನೆ. ಆ ಹೊಸ ಕೋಣೆಯ ಗೋಡೆಯಲ್ಲಿ ಈಗ ಮೇಲೊಂದು ಕೆಳಗೊಂದು ಜಾಲರಿಯ ಕಿಂಡಿ ಇವೆ. ಗಾರೆಯವನು ನಕ್ಕು, “ಹೊಸ ಗೋಡೆಗೆ ತೂತೇಕೆ ಮೇಷ್ಟ್ರೇ?” ಎಂದು ಕೇಳಿದ್ದ. ತೂತಲ್ಲಪ್ಪ, ಬೆಂಕಿಯಿಲ್ಲದ ದಿನವೂ ಮನುಷ್ಯನಿಗೆ ಗಾಳಿ ಬೇಕಲ್ಲ ಎಂದೆವು. ಓದುಗರು ಈ ಭಾನುವಾರ ಬಿಡುವು ಮಾಡಿಕೊಂಡು ತಮ್ಮ ಮನೆಯ ಎರಡು ದಾರಿಗಳನ್ನೂ ಒಮ್ಮೆ ನೋಡಿಬಿಡಲಿ. ಹಿಮ ಬೀಳಲು ಇನ್ನೂ ಸ್ವಲ್ಪ ಕಾಲವಿದೆ.